ಬಸ್ಸು ಅಂದರೆ ಬರೀ ‘ಗೆ’

ಮೊನ್ನೆ ಆಫೀಸಿನಲ್ಲಿ ಒಂದು ಸಣ್ಣ ಜಗಳ ಆಯ್ತು. ಜಗಳ ಅನ್ನೋದು ದೊಡ್ಡ ಮಾತು, ಟೀ ಕುಡಿಯುವಾಗಿನ ಕಿತ್ತಾಟ ಅನ್ನಿ. ನಾನು ಬರೆದ ಕೋಡಿನಲ್ಲಿ ‘ಸ್ಟೇಟಸಸ್’ ಅಂತ ಒಂದು ವೇರಿಯಬಲ್ ಇತ್ತು. ಅದನ್ನು ನೋಡಿದ ಗೆಳೆಯ, ‘ಇದು ಲ್ಯಾಟಿನ್ ಪದ, ಬಹುವಚನ ಸ್ಟೇಟೈ ಆಗಬೇಕು’ ಅಂತ ಷರಾ ಬರೆದು ವಾಪಸ್ ಕಳಿಸಿದ್ದ. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ‘ಹಾಗಾದ್ರೆ ಬಸ್ಸಿನ ಬಹುವಚನ ಬೈ ಏನಪ್ಪಾ?’ ಅಂದೆ. ಅವನು ನಗದೆ, ‘ಮೊದಲು ನೀನು ಬಸ್ಸು, ಕಾರು ಅನ್ನೋದನ್ನ ಬಿಡು. ಅದು ಬಸ್. ಪದ ಮೂಲದಲ್ಲಿ ಹೇಗಿದೆಯೋ ಹಾಗೇ ಹೇಳ್ಬೇಕು’ ಅಂದ.

ಸರಿ, ಮೂಲಕ್ಕೇ ಹೋಗೋಣ ಅಂತ ಹೊರಟೆ. ಹೋಗಿ ನೋಡಿದರೆ ಅಲ್ಲಿ ಬಸ್ಸೇ ಇಲ್ಲ! ಒಂದು ವಿಭಕ್ತಿ ಪ್ರತ್ಯಯ ಕೂತಿದೆ, ಅಷ್ಟೇ.

ಬಸ್ ಅನ್ನೋದು ‘ಆಮ್ನಿಬಸ್’ ಅನ್ನುವ ಪದದ ಬಾಲ ಅಂತ ಬಹಳ ಜನಕ್ಕೆ ಗೊತ್ತಿರುತ್ತೆ. ಕ್ವಿಜ್ಜುಗಳಲ್ಲಿ ಕೇಳ್ತಾರೆ. ಆದರೆ ಆ ಬಾಲ ಏನು ಅಂತ ಕೇಳಿದವರು ಕಡಿಮೆ. ಲ್ಯಾಟಿನ್ನಿನಲ್ಲಿ ‘ಒಮ್ನಿಸ್’ ಅಂತ ಒಂದು ಗುಣವಾಚಕ ಇದೆ. ಅರ್ಥ ‘ಎಲ್ಲ’. ಇಂಗ್ಲಿಷಿನ ‘ಆಲ್’ ಎಲ್ಲಿ ಕೂತರೂ ‘ಆಲ್’ ಆಗಿಯೇ ಇರುತ್ತೆ. ಲ್ಯಾಟಿನ್ನಿನ ಗುಣವಾಚಕಕ್ಕೆ ಆ ಸುಖ ಇಲ್ಲ. ತಾನು ಯಾವ ನಾಮಪದದ ಜೊತೆ ನಿಂತಿದೆಯೋ ಅದರ ಲಿಂಗ, ವಚನ, ವಿಭಕ್ತಿ ಮೂರನ್ನೂ ತಾನೂ ತೊಟ್ಟುಕೊಳ್ಳಬೇಕು. ಪುಲ್ಲಿಂಗ ಸ್ತ್ರೀಲಿಂಗಗಳಿಗೆ ಒಮ್ನಿಸ್, ನಪುಂಸಕಕ್ಕೆ ಒಮ್ನೆ. ಬಹುವಚನದಲ್ಲಿ ಒಮ್ನೇಸ್, ನಪುಂಸಕಕ್ಕೆ ಒಮ್ನಿಯ. ‘ಎಲ್ಲರ’ ಅನ್ನೋದಕ್ಕೆ ಒಮ್ನಿಯುಮ್. ಇನ್ನು ‘ಎಲ್ಲರಿಗೆ’ ಅನ್ನಬೇಕಾದರೆ... ಹೌದು, ಒಮ್ನಿಬುಸ್.

ಅಂದರೆ ‘ಒಮ್ನಿ’ ಅನ್ನುವ ಪ್ರಕೃತಿಗೆ ‘ಬುಸ್’ ಅನ್ನುವ ಚತುರ್ಥೀ ಬಹುವಚನದ ಪ್ರತ್ಯಯ ಸೇರಿದೆ. ಹಾವು ಬುಸ್ ಅಂದಹಾಗೆ ಕೇಳುತ್ತೆ, ರೋಮನ್ನರು ಹೇಳುತ್ತಿದ್ದದ್ದೂ ಹಾಗೇ. ನಾವು ಕನ್ನಡ ಶಾಲೆಯಲ್ಲಿ ಬಾಯಿಪಾಠ ಮಾಡಿದ ‘ಗೆ, ಇಗೆ, ಕ್ಕೆ’ ಇದೆಯಲ್ಲ, ಅದರ ಲ್ಯಾಟಿನ್ ತಮ್ಮ ಇದು. ಎಲ್ಲರಿಗೆ ಅನ್ನೋದರಲ್ಲಿ ‘ಎಲ್ಲ’ವನ್ನು ಕಿತ್ತು ಬಿಸಾಕಿ ಬರೀ ‘ಗೆ’ ಉಳಿಸಿಕೊಂಡರೆ ಏನು ಸಿಗುತ್ತೋ ಅದೇ ಬಸ್ಸು. ಎಂಟೂವರೆ ‘ಗೆ’ ಬಂತು, ಓಡಿ ಹತ್ತು! ಅಂದಹಾಗಾಯ್ತು.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಹೈಸ್ಕೂಲಿನಲ್ಲಿ 125ಕ್ಕೆ 125 ಬರುತ್ತೆ ಅನ್ನೋ ಒಂದೇ ಆಸೆಯಿಂದ ಸಂಸ್ಕೃತ ತಗೊಂಡ ನನ್ನಂಥವರಿಗೆ ಇನ್ನೊಂದು ಮಜಾ ಇದೆ ಇದರಲ್ಲಿ. ಹರಿ ಶಬ್ದ ನೆನಪಿದೆಯಾ? ಇಕಾರಾಂತ. ಅದರ ಚತುರ್ಥೀ ಬಹುವಚನ ‘ಹರಿಭ್ಯಃ’. ಒಮ್ನಿ ಕೂಡ ಇಕಾರಾಂತ. ಅದರದ್ದು ‘ಒಮ್ನಿಬುಸ್’. ಹರಿ-ಭ್ಯಃ, ಒಮ್ನಿ-ಬುಸ್. ಪಕ್ಕಪಕ್ಕ ಇಟ್ಟು ಒಂದು ಸಲ ಜೋರಾಗಿ ಹೇಳಿ ನೋಡಿ. ಆ ಭ್ಯಃ, ಈ ಬುಸ್ ಎರಡೂ ಒಂದೇ ಮೂಲದಿಂದ ಬಂದವು. ಸಂಸ್ಕೃತದ ಭಕಾರ ಪದದ ನಡುವೆ ಬಂದರೆ ಲ್ಯಾಟಿನ್ನಿನಲ್ಲಿ ಬಕಾರವಾಗಿ, ಪದದ ಮೊದಲಲ್ಲಿ ಬಂದರೆ ಫಕಾರವಾಗಿ ಕಾಣಿಸಿಕೊಳ್ಳುತ್ತೆ. ಭ್ರಾತೃ ಅಲ್ಲಿ ಫ್ರಾತೆರ್.

ಅಷ್ಟೇ ಅಲ್ಲ. ಹರಿಭ್ಯಃ ಅನ್ನೋದು ಚತುರ್ಥಿಯೂ ಹೌದು, ಪಂಚಮಿಯೂ ಹೌದು. ಮೇಷ್ಟ್ರು ‘ಎರಡು ಸಲ ಒಂದೇ ಹೇಳಿದ್ರೆ ಆಯ್ತು’ ಅಂದಾಗ ನಮಗೆ ಖುಷಿಯೋ ಖುಷಿ. ಒಂದು ರೂಪ ಕಮ್ಮಿ ಕಲಿಯೋದು! ಲ್ಯಾಟಿನ್ನಿನಲ್ಲೂ ಹೀಗೇ. ಒಮ್ನಿಬುಸ್ ಅಂದರೆ ‘ಎಲ್ಲರಿಗೆ’ ಅಂತಲೂ ಆಗುತ್ತೆ, ‘ಎಲ್ಲರಿಂದ’ ಅಂತಲೂ ಆಗುತ್ತೆ. ಕಂಡಕ್ಟರಿನ ದೃಷ್ಟಿಯಿಂದ ನೋಡಿದರೆ ಎರಡನೇ ಅರ್ಥವೇ ಸರಿ ಅನ್ನಿಸುತ್ತೆ :-)

ಈ ಒಮ್ನಿಸ್ ಅನ್ನೋದಾದರೂ ಎಲ್ಲಿಂದ ಬಂತು ಅನ್ನುವುದರ ಬಗ್ಗೆ ಪಂಡಿತರಲ್ಲಿ ಒಮ್ಮತ ಇಲ್ಲ. ಲ್ಯಾಟಿನ್ನಿನಲ್ಲೇ ಸಂಪತ್ತು, ಶಕ್ತಿ ಅನ್ನುವ ಅರ್ಥದ ‘ಒಪ್ಸ್’ ಅಂತ ಒಂದು ಪದ ಇದೆ, ಅದಕ್ಕೆ ಗಂಟು ಹಾಕುವವರಿದ್ದಾರೆ, ಒಪ್ಪದವರೂ ಇದ್ದಾರೆ. ‘ಎಲ್ಲ’ ಅನ್ನುವ ಪದಕ್ಕೇ ಎಲ್ಲರ ಒಪ್ಪಿಗೆ ಸಿಕ್ಕಿಲ್ಲ ನೋಡಿ.

ಕನ್ನಡದ ‘ಎಲ್ಲ’ದ ಜೊತೆ ಹೋಲಿಸಿದರೆ ನಮ್ಮದು ಎಷ್ಟು ಹಗುರ ಅಂತ ಗೊತ್ತಾಗುತ್ತೆ. ‘ಎಲ್ಲ ಊರುಗಳಿಗೆ’ ಅಂತೀವಿ. ಇಲ್ಲಿ ‘ಗೆ’ ಊರಿಗೆ ಮಾತ್ರ, ‘ಎಲ್ಲ’ ಕೈಕಟ್ಟಿ ಮುಂದೆ ನಿಂತಿರುತ್ತೆ. ಲ್ಯಾಟಿನ್ನಿನಲ್ಲಿ ಇದನ್ನೇ ಹೇಳಬೇಕಾದರೆ ‘ಒಮ್ನಿಬುಸ್ ಉರ್ಬಿಬುಸ್’. ಎಲ್ಲಗಳಿಗೆ ಊರುಗಳಿಗೆ ಅಂದಹಾಗೆ. ಆದರೆ ನಾಮಪದ ಇಲ್ಲದೆ ಒಂಟಿಯಾಗಿ ನಿಂತಾಗ ನಮ್ಮ ‘ಎಲ್ಲ’ ತಾನೇ ಮೈಕೊಡವಿ ಏಳುತ್ತೆ: ಎಲ್ಲರಿಗೆ, ಎಲ್ಲಕ್ಕೆ. ಮನುಷ್ಯರಿಗೆ ಒಂದು, ಮನುಷ್ಯರಲ್ಲದ್ದಕ್ಕೆ ಇನ್ನೊಂದು. ಲ್ಯಾಟಿನ್ನಿನ ಒಮ್ನಿಬುಸ್ಸಿನಲ್ಲಿ ಆ ಭೇದ ಇಲ್ಲ. ಗಂಡಸರು, ಹೆಂಗಸರು, ಕೋಳಿ ಬುಟ್ಟಿ, ಅಕ್ಕಿ ಮೂಟೆ, ಎಲ್ಲಕ್ಕೂ ಅದೊಂದೇ ರೂಪ. ನಮ್ಮೂರಿನ ಸಂತೆ ದಿನದ ಬಸ್ಸನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸರಿ, ವಿಭಕ್ತಿ ಪ್ರತ್ಯಯ ಗಾಡಿ ಹತ್ತಿದ್ದು ಹೇಗೆ? ಫ್ರಾನ್ಸಿನ ನಾಂತ್ ಅನ್ನುವ ಊರಿನಲ್ಲಿ ಸ್ತಾನಿಸ್ಲಾಸ್ ಬೋದ್ರಿ ಅಂತ ಒಬ್ಬ ಇದ್ದ. ಊರಾಚೆ ಅವನದ್ದೊಂದು ಹಿಟ್ಟಿನ ಗಿರಣಿ. ಗಿರಣಿಯ ಆವಿಯಂತ್ರದಿಂದ ಬರುವ ಬಿಸಿನೀರು ಸುಮ್ಮನೆ ಹಾಳಾಗುತ್ತಲ್ಲ ಅಂತ ಪಕ್ಕದಲ್ಲೇ ಸ್ನಾನದ ಮನೆ ಕಟ್ಟಿಸಿದ. ಜನ ಅಷ್ಟು ದೂರ ಬರಬೇಕಲ್ಲ? ಊರ ಮಧ್ಯದಿಂದ ಕುದುರೆ ಗಾಡಿ ಓಡಿಸಿದ. ನೋಡಿದರೆ ಜನ ಗಾಡಿ ಹತ್ತುತ್ತಿದ್ದಾರೆ, ಆದರೆ ಸ್ನಾನಕ್ಕೆ ಬರುತ್ತಿಲ್ಲ, ದಾರಿಯಲ್ಲಿ ತಮತಮಗೆ ಬೇಕಾದ ಕಡೆ ಇಳಿದು ಹೋಗುತ್ತಿದ್ದಾರೆ. ಬೋದ್ರಿ ಜಾಣ. ಗಾಡಿಯೇ ವ್ಯಾಪಾರ ಅಂತ ಅರ್ಥ ಮಾಡಿಕೊಂಡ. 1826ರಲ್ಲಿ ಅದು ಊರೊಳಗಿನ ಸಾರಿಗೆಯಾಯ್ತು. ಹೆಸರು ‘ಒಮ್ನಿಬುಸ್’ ಗಾಡಿ, ಎಲ್ಲರಿಗೂ ಇರುವ ಗಾಡಿ. ಅಲ್ಲೇ ಒಮ್ನೆಸ್ ಅನ್ನುವ ಅಡ್ಡಹೆಸರಿನ ಟೋಪಿ ವ್ಯಾಪಾರಿಯೊಬ್ಬ ತನ್ನ ಹೆಸರಿನ ಮೇಲೆ ಶ್ಲೇಷೆ ಮಾಡಿ ‘ಒಮ್ನೇಸ್ ಒಮ್ನಿಬುಸ್’ ಅಂತ ಬೋರ್ಡು ಹಾಕಿದ್ದ, ಅದನ್ನು ನೋಡಿ ಈ ಹೆಸರು ಬಂತು ಅಂತ ಒಂದು ಕಥೆ ಓಡಾಡುತ್ತೆ. ಕಥೆ ಚೆನ್ನಾಗಿದೆ, ಸಾಕ್ಷಿ ಗಟ್ಟಿಯಿಲ್ಲ. 1828ರಲ್ಲಿ ಬೋದ್ರಿ ಪ್ಯಾರಿಸ್ಸಿಗೂ ಹೋದ. ಗಾಡಿಗಳು ಗೆದ್ದವು, ಅವನು ಸೋತ. 1830ರಲ್ಲಿ ನಷ್ಟದ ನಡುವೆ ತೀರಿಕೊಂಡ.

ಲಂಡನ್ನಿನಲ್ಲಿ ಜಾರ್ಜ್ ಶಿಲಿಬೀರ್ ಅನ್ನುವ ಗಾಡಿ ಕಟ್ಟುವವನು ಇದನ್ನು ನೋಡಿಕೊಂಡು ಬಂದು 1829ರ ಜುಲೈ 4ರಂದು ಪ್ಯಾಡಿಂಗ್ಟನ್ನಿನಿಂದ ಬ್ಯಾಂಕ್ ಅನ್ನುವ ಜಾಗದವರೆಗೆ ಮೂರು ಕುದುರೆಯ ಒಮ್ನಿಬಸ್ ಓಡಿಸಿದ. ಕೆಲವೇ ವರ್ಷಗಳಲ್ಲಿ ಇಂಗ್ಲಿಷರ ಬಾಯಲ್ಲಿ ತಲೆ ಬಿದ್ದುಹೋಗಿ ‘ಬಸ್’ ಉಳಿಯಿತು. ನೆನಪಿಡಿ, ಪದವನ್ನು ಮೊಟಕು ಮಾಡುವಾಗ ಸಾಮಾನ್ಯವಾಗಿ ಬಾಲ ಕತ್ತರಿಸಿ ತಲೆ ಉಳಿಸಿಕೊಳ್ಳುತ್ತಾರೆ. ಇಲ್ಲಿ ಅರ್ಥವಿದ್ದ ತಲೆಯನ್ನೇ ಬಿಟ್ಟು, ತನ್ನಷ್ಟಕ್ಕೆ ಏನೂ ಅರ್ಥವಿಲ್ಲದ ಬಾಲವನ್ನು ಇಟ್ಟುಕೊಂಡರು. ರೋಮಿನ ಯಾವ ವ್ಯಾಕರಣ ಮೇಷ್ಟ್ರಿಗೆ ಹೇಳಿದರೂ ತಲೆ ಚಚ್ಚಿಕೊಂಡಾನು.

ಈಗ ನನ್ನ ಗೆಳೆಯನ ಬಹುವಚನಕ್ಕೆ ಬರೋಣ. ಆಮ್ನಿಬಸ್ಸಿನ ಬಹುವಚನ ‘ಆಮ್ನಿಬೈ’ ಅಂತ ಹತ್ತೊಂಬತ್ತನೇ ಶತಮಾನದ ಇಂಗ್ಲಿಷಿನಲ್ಲಿ ತಮಾಷೆಗೆ ಹೇಳುತ್ತಿದ್ದರು. ‘ಉಸ್’ ಅಂತ ಮುಗಿದರೆ ‘ಐ’ ಹಾಕು ಅನ್ನುವ ಅರ್ಧ ಕಲಿತ ಲ್ಯಾಟಿನ್ ಅದು. ಒಮ್ನಿಬುಸ್ ಆಗಲೇ ಬಹುವಚನ! ಎಲ್ಲರಿಗೆ ಅನ್ನುವುದಕ್ಕೆ ‘ಎಲ್ಲರಿಗೆಗಳು’ ಮಾಡಲು ಹೊರಟಹಾಗೆ. ಆಕ್ಸ್‌ಫರ್ಡಿನ ಎ. ಡಿ. ಗಾಡ್ಲಿ ಅನ್ನುವ ವಿದ್ವಾಂಸ 1914ರಲ್ಲಿ ‘ಮೋಟರ್ ಬಸ್’ ಅಂತ ಒಂದು ಹಾಸ್ಯಕವನ ಬರೆದು, ಮೋಟರ್, ಬಸ್ ಎರಡನ್ನೂ ಲ್ಯಾಟಿನ್ ನಾಮಪದಗಳೇನೋ ಅನ್ನುವಹಾಗೆ ಎಲ್ಲ ವಿಭಕ್ತಿಗಳಲ್ಲೂ ಓಡಿಸಿಬಿಟ್ಟ. ನಗು ಬರೋದೇ ಅದಕ್ಕೆ. ಪ್ರತ್ಯಯಕ್ಕೆ ಪ್ರತ್ಯಯ ಹಚ್ಚುತ್ತಾ ಹೋಗುತ್ತಾನೆ.

ಅಂದಹಾಗೆ ‘ಸ್ಟೇಟಸ್’ ಲ್ಯಾಟಿನ್ನಿನಲ್ಲಿ ನಾಲ್ಕನೇ ವರ್ಗದ ನಾಮಪದ. ಅದರ ಬಹುವಚನ ‘ಸ್ಟಾಟೂಸ್’, ಕೊನೆಯ ಸ್ವರ ದೀರ್ಘ ಅಷ್ಟೇ. ಸ್ಟೇಟೈ ಅನ್ನೋದು ಲ್ಯಾಟಿನ್ನೂ ಅಲ್ಲ, ಇಂಗ್ಲಿಷೂ ಅಲ್ಲ. ಇದನ್ನು ಗೆಳೆಯನಿಗೆ ಹೇಳಿದೆ. ಅವನು ಟೀ ಮುಗಿಸಿ ಹೋದ.

ಇಲ್ಲಿಗೆ ಬಂದ ಮೇಲೆ ನನಗೆ ಹೇಳಬೇಕಾದದ್ದು ಇದು. ಒಂದು ಭಾಷೆ ಪದವನ್ನು ಸಾಲ ತರುವಾಗ ಅದರ ವ್ಯಾಕರಣವನ್ನು ಗಡಿಯಲ್ಲೇ ಬಿಟ್ಟು ಬರುತ್ತೆ. ಬಿಟ್ಟು ಬರಬೇಕು. ಇಂಗ್ಲಿಷರು ಲ್ಯಾಟಿನ್ ಚತುರ್ಥಿಯನ್ನು ತಂದು ನಾಮಪದ ಮಾಡಿಕೊಂಡು ತಮ್ಮದೇ ಬಹುವಚನ ಹಚ್ಚಿದರು, ಯಾರನ್ನೂ ಕೇಳಲಿಲ್ಲ. ಸ್ಪ್ಯಾನಿಷರು ಆಟೊಬುಸ್ ಅಂತ ಮಾಡಿ ಬಹುವಚನ ಆಟೊಬುಸೆಸ್ ಅಂದರು. ಜಪಾನೀಯರು ಕೊನೆಗೆ ಒಂದು ಉಕಾರ ಅಂಟಿಸಿ ‘ಬಸು’ ಅಂದರು. ಸ್ವಾಹಿಲಿಯವರು ಇಕಾರ ಅಂಟಿಸಿ ‘ಬಾಸಿ’ ಅಂದರು. ಜಪಾನಿನವನು ಬಸು ಅಂದರೆ ಅದು ಅವನ ಭಾಷೆಯ ಗುಣ. ಕನ್ನಡದವನು ಬಸ್ಸು ಅಂದರೆ ಮಾತ್ರ ಹಳ್ಳಿ ಗಮಾರ! ಇದ್ಯಾವ ನ್ಯಾಯ ಸ್ವಾಮಿ?

ಬಸ್ಸು ಅನ್ನೋದು ಬಾಯಿ ತಿರುಗದೆ ಆದ ತಪ್ಪು ಅಂತ ತಿಳಿದವರಿದ್ದಾರೆ. ಅದು ತಪ್ಪಲ್ಲ, ನಿಯಮ. ಹಳಗನ್ನಡದಲ್ಲಿ ಕಲ್, ಕಣ್, ಮಣ್, ಪಲ್ ಅಂತ ವ್ಯಂಜನಕ್ಕೆ ಮುಗಿಯುತ್ತಿದ್ದ ಪದಗಳು ಹೊಸಗನ್ನಡದಲ್ಲಿ ಏನಾದವು? ಕಲ್ಲು, ಕಣ್ಣು, ಮಣ್ಣು, ಹಲ್ಲು. ಒಳಗಿನ ಸ್ವರ ಹ್ರಸ್ವ ಇದ್ದರೆ ಕೊನೆಯ ವ್ಯಂಜನ ಇಮ್ಮಡಿಯಾಗಿ ಉಕಾರ ಸೇರುತ್ತೆ. ಅದೇ ನೀರ್, ಕಾಲ್, ಬೇರ್, ಕೋಲ್ ಏನಾದವು? ನೀರು, ಕಾಲು, ಬೇರು, ಕೋಲು. ಸ್ವರ ದೀರ್ಘ ಇದ್ದರೆ ಇಮ್ಮಡಿ ಇಲ್ಲ, ಬರೀ ಉಕಾರ. ಈಗ ನಮ್ಮ ಅಜ್ಜಿಯಂದಿರು ಇಂಗ್ಲಿಷ್ ಪದಗಳನ್ನು ಹೇಗೆ ಹೇಳುತ್ತಿದ್ದರು ನೋಡಿ. ಬಸ್ಸು, ಪೆನ್ನು, ಕಪ್ಪು, ಸೆಟ್ಟು. ಕಾರು, ಕೋಟು, ಫೋನು, ರೈಲು. ಒಂದಾದರೂ ಅದಲುಬದಲಾಗಿದೆಯಾ? ಕಾರ್ರು ಅಂತ ಯಾರಾದರೂ ಅಂದಿದ್ದಾರಾ? ಶಾಲೆ ಮೆಟ್ಟಿಲು ಹತ್ತದ ಅಜ್ಜಿಗೆ ಈ ನಿಯಮವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಬಸ್ಸು ಅಂದಾಗ, ಕಲ್ ಅನ್ನೋದನ್ನು ಕಲ್ಲು ಮಾಡಿದ ಅದೇ ಕನ್ನಡ ಅವಳ ಬಾಯಲ್ಲಿ ಕೆಲಸ ಮಾಡುತ್ತಿತ್ತು. ಹದಿಮೂರನೇ ಶತಮಾನದಲ್ಲೇ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಸಂಸ್ಕೃತದ ಪದಗಳು ಕನ್ನಡಕ್ಕೆ ಬರುವಾಗ ಹೇಗೆ ರೂಪ ಬದಲಿಸುತ್ತವೆ ಅನ್ನುವುದಕ್ಕೇ ಅಪಭ್ರಂಶ ಪ್ರಕರಣ ಅಂತ ಒಂದು ಭಾಗ ಇಟ್ಟ. ಅಂದರೆ ಬಂದ ಪದವನ್ನು ಬಗ್ಗಿಸಿಕೊಳ್ಳುವುದು ನಮ್ಮಲ್ಲಿ ವ್ಯಾಕರಣದ ವಿಷಯವಾಗಿತ್ತು, ನಾಚಿಕೆಯ ವಿಷಯ ಆಗಿರಲಿಲ್ಲ.

ನಾಚಿಕೆಯ ಮಾತು ಯಾಕೆ ಬಂತು ಅಂದರೆ, ನನಗೆ ನಾಚಿಕೆ ಆಗುತ್ತಿತ್ತು. ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ ಮೊದಲ ತಿಂಗಳಲ್ಲಿ ಸೆಮಿನಾರಿನಲ್ಲಿ ನಿಂತು ಇಂಗ್ಲಿಷಿನಲ್ಲಿ ಮಾತಾಡುವಾಗ ‘ಬಸ್ಸು’ ಅಂದುಬಿಟ್ಟೆ. ಹಿಂದಿನ ಬೆಂಚಿನಿಂದ ನಗು. ಅವತ್ತು ನಾನು ಹೇಳುತ್ತಿದ್ದದ್ದು ರಸ್ತೆ ಮೇಲಿನ ಬಸ್ಸಲ್ಲ, ಕಂಪ್ಯೂಟರಿನೊಳಗಿನ ಡೇಟಾ ಬಸ್ಸು. ಇಂಗ್ಲಿಷಿನಲ್ಲಿ ಇಂಗ್ಲಿಷಿನ ನಿಯಮ, ನಕ್ಕಿದ್ದು ತಪ್ಪಲ್ಲ ಬಿಡಿ. ತಪ್ಪು ನಾನು ಆಮೇಲೆ ಮಾಡಿದ್ದು. ಆ ಉಕಾರವನ್ನು ಕನ್ನಡದಿಂದಲೂ ಕಿತ್ತುಹಾಕಿದೆ. ರಜಕ್ಕೆ ಊರಿಗೆ ಹೋದಾಗ ಅಮ್ಮ ‘ಎಷ್ಟೊತ್ತಿನ ಬಸ್ಸಿಗೆ ಬಂದ್ಯೋ?’ ಅಂದರೆ, ‘ಬಸ್ಸು ಅಲ್ಲಮ್ಮ, ಬಸ್’ ಅಂತ ತಿದ್ದಿದೆ. ಒಂದು ಸಲ ಅಲ್ಲ, ಎಷ್ಟೋ ಸಲ. ಆಮೇಲಾಮೇಲೆ ಅಮ್ಮ ನನ್ನ ಗೆಳೆಯರ ಎದುರು ಮಾತಾಡುವಾಗ ಇಂಗ್ಲಿಷ್ ಪದ ಬಂದರೆ ಅರೆಕ್ಷಣ ನಿಂತು, ನನ್ನ ಮುಖ ನೋಡಿ, ಆಮೇಲೆ ಹೇಳುತ್ತಿದ್ದರು. ಆ ಅರೆಕ್ಷಣ ಈಗ ನೆನಪಾದರೆ ಹೊಟ್ಟೆಯೊಳಗೆ ಏನೋ ಆಗುತ್ತೆ. ಸರಿಯಾದ ಕನ್ನಡ ಆಡುತ್ತಿದ್ದವರನ್ನು ತಪ್ಪು ತಿಳಿದವನು ತಿದ್ದಿದ್ದೆ.

ಅಮ್ಮನ ಆ ವಾಕ್ಯವನ್ನೇ ಇನ್ನೊಮ್ಮೆ ನೋಡಿ. ‘ಎಷ್ಟೊತ್ತಿನ ಬಸ್ಸಿಗೆ ಬಂದ್ಯೋ?’ ಅವರು ಬಸ್ಸಿನಲ್ಲಿ ಅನ್ನಲಿಲ್ಲ, ಬಸ್ಸಿಗೆ ಅಂದರು. ಹೊತ್ತಿನ ಲೆಕ್ಕ ಬಂದಾಗ ನಾವು ಹೀಗೇ ಹೇಳೋದು. ಆರು ಗಂಟೆ ಬಸ್ಸಿಗೆ ಹೋಗ್ತೀನಿ, ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದೀನಿ. ಲ್ಯಾಟಿನ್ನಿನ ಚತುರ್ಥಿಯ ಮೇಲೆ ಕನ್ನಡದ ಚತುರ್ಥಿ ಸವಾರಿ ಮಾಡುತ್ತಿದೆ. ಅಕ್ಷರಶಃ ಹೇಳಿದರೆ ‘ಗೆಗೆ’. ಎರಡು ಸಾವಿರ ವರ್ಷದ ಹಿಂದಿನ ರೋಮಿನ ಗೆ, ಇವತ್ತಿನ ನಮ್ಮ ಗೆ. ಹಳೆಯದಕ್ಕೆ ಜೀವ ಇಲ್ಲ, ಹೊಸದಕ್ಕೆ ಇದೆ. ಮೂಲದಲ್ಲಿ ಹೇಗಿದೆಯೋ ಹಾಗೇ ಹೇಳಬೇಕು ಅನ್ನುವವರು, ‘ಬಸ್ಸಿಗೆ’ ಅನ್ನುವುದರಲ್ಲಿ ಪುನರುಕ್ತಿ ದೋಷ ಇದೆ ಅಂತ ನಾಳೆ ನಮ್ಮನ್ನು ನಡೆದುಕೊಂಡು ಹೋಗೋಕೆ ಹೇಳಿಯಾರು!

ಮೂಲದ ವ್ಯಾಕರಣ ಬರುವುದಿಲ್ಲ, ಸರಿ. ಮೂಲದ ಅರ್ಥವಾದರೂ ಬರುತ್ತಾ? ‘ಬಸ್ ಅಂದ್ರೆ ಎಲ್ಲರಿಗೂ, ಎಷ್ಟು ಉದಾತ್ತ ಕಲ್ಪನೆ’ ಅಂತ ಭಾವುಕರಾಗಿ ಬರೆಯುವವರನ್ನು ಓದಿದ್ದೇನೆ. ನಾನೂ ಬರೆಯುತ್ತಿದ್ದೆನೇನೋ. ಆದರೆ ಇತಿಹಾಸ ಬೇರೆ ಹೇಳುತ್ತೆ. ಬೋದ್ರಿಗಿಂತ ನೂರಅರವತ್ತು ವರ್ಷ ಮೊದಲು, 1662ರಲ್ಲಿ, ಗಣಿತಜ್ಞ ಬ್ಲೇಸ್ ಪಾಸ್ಕಲ್ ಪ್ಯಾರಿಸ್ಸಿನಲ್ಲಿ ಗೊತ್ತಾದ ದಾರಿಯಲ್ಲಿ, ಗೊತ್ತಾದ ದರಕ್ಕೆ ಓಡುವ ಗಾಡಿಗಳನ್ನು ಶುರುಮಾಡಿಸಿದ್ದ. ಐದು ಸೋಲ್ ಕೊಟ್ಟರೆ ಯಾರು ಬೇಕಾದರೂ ಹತ್ತಬಹುದು ಅನ್ನೋದು ಲೆಕ್ಕ. ಪ್ಯಾರಿಸ್ಸಿನ ನ್ಯಾಯಮಂಡಲಿ ನಿಯಮ ಹಾಕಿತು: ಸೈನಿಕರು, ಆಳುಗಳು, ಕೂಲಿ ಮಾಡುವವರು ಹತ್ತುವಂತಿಲ್ಲ. ಕೆಲವು ವರ್ಷಗಳಲ್ಲಿ ಆ ಗಾಡಿಗಳೇ ನಿಂತುಹೋದವು. ಶಿಲಿಬೀರನ ಗಾಡಿಯ ಮೇಲೆ ‘ಎಲ್ಲರಿಗೂ’ ಅಂತಲೇ ಬರೆದಿತ್ತು, ಟಿಕೆಟ್ಟು ಒಂದು ಶಿಲ್ಲಿಂಗ್. ಅಂದಿನ ಕೂಲಿಯವನ ಕೈಗೆಟುಕುವ ದುಡ್ಡಲ್ಲ ಅದು. ಇನ್ನು 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಿಳಿಯನಿಗೆ ಸೀಟು ಬಿಟ್ಟುಕೊಡಲ್ಲ ಅಂದದ್ದು, ಅದಕ್ಕೆ ಆಕೆಯನ್ನು ಪೊಲೀಸರು ಹಿಡಿದುಕೊಂಡು ಹೋದದ್ದು ಎಲ್ಲಿ? ‘ಎಲ್ಲರಿಗೂ’ ಅನ್ನುವ ಮೂಲಾರ್ಥ ಹೊತ್ತ ಬಸ್ಸಿನಲ್ಲೇ. ಆಮೇಲೆ 381 ದಿನ ಅಲ್ಲಿನ ಕಪ್ಪು ಜನ ಬಸ್ಸು ಹತ್ತದೆ ನಡೆದರು. ಬಸ್ಸು ಎಲ್ಲರಿಗೂ ಆದದ್ದು ಅವರ ಆ ನಡಿಗೆಯಿಂದ. ಅದರಲ್ಲಿ ಲ್ಯಾಟಿನ್ನಿನ ಪಾಲು ಏನೂ ಇಲ್ಲ.

ಬಾಲದ ಕಥೆ ಇಷ್ಟಾಯ್ತು. ಬಿದ್ದುಹೋದ ತಲೆ ಏನಾಯ್ತು ಅಂತ ಕೇಳಿದಿರಾ? ಅದೂ ನಮ್ಮ ರಸ್ತೆಯಲ್ಲೇ ಓಡಾಡುತ್ತಿದೆ. 1984ರಲ್ಲಿ ಬಂದ ಮಾರುತಿ ವ್ಯಾನಿಗೆ 1988ರಲ್ಲಿ ‘ಓಮ್ನಿ’ ಅಂತ ಹೆಸರಿಟ್ಟರು. 2019ರಲ್ಲಿ ತಯಾರಿಕೆ ನಿಂತರೂ ಸ್ಕೂಲ್ ಮಕ್ಕಳನ್ನು ತುಂಬಿಕೊಂಡು, ಹೂವಿನ ಬುಟ್ಟಿ ಹೇರಿಕೊಂಡು ಇನ್ನೂ ಓಡುತ್ತಿವೆ. ಒಮ್ನಿಬುಸ್ಸಿನ ಪ್ರಕೃತಿ ಒಂದು ಗಾಡಿ, ಪ್ರತ್ಯಯ ಇನ್ನೊಂದು ಗಾಡಿ. ಸಿಗ್ನಲ್ಲಿನಲ್ಲಿ ಎರಡೂ ಅಕ್ಕಪಕ್ಕ ನಿಂತಾಗ ಸಂಧಿ ಕಾರ್ಯ ಆಯ್ತು ಅಂತ ಒಬ್ಬನೇ ನಗುತ್ತೇನೆ. ತಮಿಳುನಾಡಿನಲ್ಲಿ ಖಾಸಗಿ ದೂರದೂರಿನ ಬಸ್ಸುಗಳಿಗೆ ‘ಆಮ್ನಿ ಬಸ್’ ಅಂತಲೇ ಹೆಸರು, ಎರಡು ಪದವಾಗಿ ಬಿಡಿಸಿ. ನಮ್ಮ ದೇಶದ 1988ರ ಮೋಟಾರು ವಾಹನ ಕಾಯ್ದೆಯಲ್ಲೂ ಆಮ್ನಿಬಸ್ ಇದೆ: ಚಾಲಕನನ್ನು ಬಿಟ್ಟು ಆರಕ್ಕಿಂತ ಹೆಚ್ಚು ಜನರನ್ನು ಒಯ್ಯಲು ಕಟ್ಟಿದ ವಾಹನ. ‘ಎಲ್ಲರೂ’ ಅಂದರೆ ಕನಿಷ್ಠ ಏಳು ಜನ ಅಂತ ಕಾನೂನೇ ಲೆಕ್ಕ ಹೇಳಿಬಿಟ್ಟಿದೆ.

ನಮ್ಮ ಕಸುಬಿನಲ್ಲೂ ಇದೆ ಇದು. ವಿದ್ಯುತ್ ಹಂಚುವ ದಪ್ಪ ಪಟ್ಟಿಗೆ ಮೊದಲು ‘ಆಮ್ನಿಬಸ್ ಬಾರ್’ ಅನ್ನುತ್ತಿದ್ದರು, ಎಲ್ಲ ಸರ್ಕೀಟುಗಳಿಗೂ ಅಂತ. ಅದು ಬಸ್ ಬಾರ್ ಆಯ್ತು, ಅಲ್ಲಿಂದ ಕಂಪ್ಯೂಟರಿನ ಬಸ್ ಆಯ್ತು, 1996ರಲ್ಲಿ ಯೂನಿವರ್ಸಲ್ ಸೀರಿಯಲ್ ಬಸ್, ಅಂದರೆ ಯುಎಸ್‌ಬಿ ಬಂತು. ಯೂನಿವರ್ಸಲ್ ಅಂದರೂ ಎಲ್ಲರಿಗೂ, ಬಸ್ ಅಂದರೂ ಎಲ್ಲರಿಗೂ. ಎರಡೆರಡು ಸಲ ಎಲ್ಲರಿಗೂ ಅಂದಮೇಲೂ ಪಿನ್ನು ಒಂದೇ ಸಲಕ್ಕೆ ಹೋಗುತ್ತಿರಲಿಲ್ಲ, ತಿರುಗಿಸಿ ತಿರುಗಿಸಿ ಹಾಕಬೇಕಿತ್ತು!

ಈಗ ನಮ್ಮ ನಮ್ಮಲ್ಲೇ ಒಂದು ಮಾತು. ಕನ್ನಡದಲ್ಲಿ ಬ್ಲಾಗು ಬರೆಯುವ ನಾವೆಲ್ಲ ‘ಬಸ್‌ಗೆ’, ‘ಬ್ಲಾಗ್‌ನಲ್ಲಿ’, ‘ಫೋನ್‌ಗೆ’ ಅಂತ ಬರೆಯುತ್ತೇವೆ. ಪತ್ರಿಕೆಗಳೂ ಹಾಗೇ. ಪದವನ್ನು ಇಂಗ್ಲಿಷಿನಲ್ಲಿ ಇದ್ದಹಾಗೇ ಇಟ್ಟು, ಒತ್ತಾಗದಂತೆ ತಡೆದು, ಪಕ್ಕದಲ್ಲಿ ಕನ್ನಡದ ಪ್ರತ್ಯಯವನ್ನು ನಿಲ್ಲಿಸುವುದು. ಮದುವೆ ಮನೆಗೆ ಬಂದ ನೆಂಟರು ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತಹಾಗೆ ಇರುತ್ತೆ ಅದು. ಆ ತಡೆಗೆ ನಾವು ಟೈಪ್ ಮಾಡೋದು ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಯೂನಿಕೋಡ್ ಅಕ್ಷರ. ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಮರೆಯುತ್ತಾರೆ. ಮರೆತರೆ ‘ಬಸ್ಗೆ’ ಅಂತ ಸಕಾರದ ಕಾಲಿಗೆ ಗಕಾರ ಜೋತುಬೀಳುತ್ತೆ. ಎರಡನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಪ್ರೋಗ್ರಾಮಿಗೆ ಅವು ಬೇರೆ ಬೇರೆ ಪದ. ಹುಡುಕಿದರೆ ಒಂದು ಸಿಗುತ್ತೆ, ಇನ್ನೊಂದು ಸಿಗಲ್ಲ. ಇದಕ್ಕಾಗಿ ನಾನು ಒಂದು ಇಡೀ ಶನಿವಾರ ಕಳೆದಿದ್ದೇನೆ, ಅದಿರಲಿ. ‘ಬಸ್ಸಿಗೆ’ ಅಂತ ಬರೆದರೆ ಈ ಯಾವ ತಾಪತ್ರಯವೂ ಇಲ್ಲ. ಓದಲು ಸಲೀಸು, ಬಾಯಿಗೆ ಸಲೀಸು, ಕಂಪ್ಯೂಟರಿಗೂ ಸಲೀಸು.

ಎಲ್ಲ ಪದಕ್ಕೂ ಇದು ಒಗ್ಗುತ್ತೆ ಅಂತ ನಾನು ಹಟ ಹಿಡಿಯುವುದಿಲ್ಲ. ಯುಎಸ್‌ಬಿಯಂಥ ಹೆಸರುಗಳಿವೆ, ಊರ ಹೆಸರುಗಳಿವೆ, ನಿನ್ನೆ ಹುಟ್ಟಿದ ಪದಗಳಿವೆ. ‘ಸಾಫ್ಟ್‌ವೇರು’ ಅಂತ ಬರೆಯೋಕೆ ನನಗೇ ಇನ್ನೂ ಕೈ ಬಂದಿಲ್ಲ. ನನ್ನ ಹಳೆಯ ಬರಹಗಳನ್ನು ತೆಗೆದು ನೋಡಿದರೆ ‘ಬ್ಲಾಗ್‌ನಲ್ಲಿ’ ಸಾಲು ಸಾಲಾಗಿ ಸಿಗುತ್ತೆ, ಯಾರಾದರೂ ಎತ್ತಿ ತೋರಿಸುವ ಮೊದಲು ನಾನೇ ಹೇಳಿಬಿಡುತ್ತೇನೆ. ಆದರೆ ನೂರು ವರ್ಷ ನಮ್ಮ ಜೊತೆ ಸಂತೆಗೆ, ಜಾತ್ರೆಗೆ, ಆಸ್ಪತ್ರೆಗೆ, ಹೆಣ್ಣು ನೋಡೋಕೆ ಬಂದ ಬಸ್ಸಿಗೂ ಇನ್ನೂ ಪರಕೀಯರ ಮರ್ಯಾದೆ ಯಾಕೆ? ಅದು ಯಾವಾಗಲೋ ಒಳಗೆ ಬಂದು ಊಟಕ್ಕೆ ಕೂತಾಗಿದೆ.

ಧಾರವಾಡದ ಗೆಳೆಯನೊಬ್ಬ ‘ಬಸ್ಸಿನ್ಯಾಗ’ ಅನ್ನುತ್ತಾನೆ, ನಾನು ‘ಬಸ್ಸಲ್ಲಿ’ ಅನ್ನುತ್ತೇನೆ. ಇಬ್ಬರದ್ದರಲ್ಲೂ ಆ ಇಮ್ಮಡಿ ಸಕಾರ ಗಟ್ಟಿಯಾಗಿದೆ. ನಿಮ್ಮೂರ ಕಡೆ ಹೇಗೆ ಹೇಳ್ತೀರಿ? ಮುಖ್ಯವಾಗಿ ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರು ಪೆನ್ನು, ಸೆಟ್ಟು, ಪಿನ್ನಿನ ಹಾಗೆ ಇನ್ಯಾವ್ಯಾವ ಪದಗಳನ್ನು ಬಗ್ಗಿಸಿಕೊಂಡಿದ್ದಾರೆ ಅಂತ ತಿಳಿಸಿ. ಹ್ರಸ್ವ ಸ್ವರ ಇದ್ದೂ ಇಮ್ಮಡಿಯಾಗದ ಪದ ಒಂದಾದರೂ ಸಿಕ್ಕರೆ ನನ್ನ ನಿಯಮವನ್ನು ತಿದ್ದಿಕೊಳ್ಳುತ್ತೇನೆ.

ವೇರಿಯಬಲ್ಲಿನ ಕಥೆ ಏನಾಯ್ತು ಅಂದರೆ, ಅದಕ್ಕೆ ‘ಸ್ಟೇಟಸ್ ಲಿಸ್ಟ್’ ಅಂತ ಹೆಸರಿಟ್ಟು ಕೈ ತೊಳೆದುಕೊಂಡೆ. ಗೆಳೆಯ ಒಪ್ಪಿಗೆ ಒತ್ತಿದ. ಸಂಜೆ ಬ್ಯಾಗ್ ಹೆಗಲಿಗೆ ಹಾಕಿಕೊಳ್ಳುತ್ತಾ, ‘ಬಾರೋ, ಆರೂಕಾಲು ಬಸ್ಸಿಗೆ ಹೋಗೋಣ’ ಅಂದ.